ಕೊನೆಯ ಮಡಿಕೆ

ತಂಗಿಯ ಶಾಲೆಯ ತರಬೇತಿ ಟೀಚರ್ ನಮ್ಮ ಮನೆಗೆ ಬಂದಾಗ ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು. ಬಂದವರಿಗೆ ಕುರ್ಚಿ ತೋರಿಸಿದಳೇ ಹೊರತು ಚಾಕು ಕೆಳಗಿಡಲಿಲ್ಲ. ಅವರು ಏನು ಕೇಳಲು ಬಂದಿದ್ದಾರೆ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು.

ನನ್ನ ತಂಗಿಗೆ ಆಗ ಹದಿನೇಳು ತುಂಬಿತ್ತು. ಹೈಸ್ಕೂಲಿನ ಕೊನೆಯ ವರ್ಷ. ಅವಳು ಹುಟ್ಟಿದ ವಾರವೇ ಡಾಕ್ಟರು, ಈ ಮಗು ಎಲ್ಲವನ್ನೂ ನಿಧಾನವಾಗಿ ಕಲಿಯುತ್ತದೆ, ಕೆಲವನ್ನು ಕಲಿಯದೆಯೂ ಇರಬಹುದು ಎಂದಿದ್ದರಂತೆ. ನಡೆದದ್ದು ಮೂರು ವರ್ಷಕ್ಕೆ, ಮಾತಾಡಿದ್ದು ಐದಕ್ಕೆ. ದುಂಡು ಮುಖ ನೋಡಿ ಅಪ್ಪ ಗುಂಡಮ್ಮ ಎಂದು ಕರೆದ. ಅದೇ ಉಳಿಯಿತು. ಶಾಲೆಯಲ್ಲಿ ಇಂಥ ಮಕ್ಕಳಿಗೆ ಕೊನೆಯ ವರ್ಷ ಪಾಠ ಕಡಿಮೆ ಮಾಡಿ, ವಾರಕ್ಕೆ ಮೂರು ದಿನ ಕೆಲಸ ಕಲಿಯಲು ಹೊರಗೆ ಕಳಿಸುತ್ತಿದ್ದರು. ಗುಂಡಮ್ಮನಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿ ಗೊತ್ತುಮಾಡಿದ್ದರು.

"ಆರು ವಾರ," ಎಂದರು ಟೀಚರ್. "ಕೊನೇ ದಿನ ಅಲ್ಲಿನ ಮೇಲ್ವಿಚಾರಕಿ ನೋಡ್ತಾರೆ. ಯಾರ ಸಹಾಯಾನೂ ಇಲ್ದೆ ಇಪ್ಪತ್ತು ಬೆಡ್‌ಶೀಟು ಮಡಿಸಿ ಕಪಾಟಲ್ಲಿ ಇಟ್ರೆ ಅಲ್ಲೇ ಕೆಲಸ. ಇರೋದು ಒಂದೇ ಜಾಗ."

"ಇಡದೇ ಹೋದ್ರೆ?"

"ಶಾಲೆ ಮುಗಿದ ಮೇಲೆ ಮನೇಲೇ. ಆಮೇಲೆ ನಮ್ಮ ಕೈಲೂ ಏನಿಲ್ಲ."

"ಮನೇಲೇ ಇರ್ಲಿ ಬಿಡಿ," ಎಂದಳು ಅಮ್ಮ. "ನಾನೇನು ಸತ್ತಿದ್ದೀನಾ?"

ಒಳಗಿನ ಮಂಚದಿಂದ ಅಜ್ಜಿ ಕೂಗಿದಳು. "ನೀನೇನು ಸಾಯಲ್ಲ ಅಂತ ಬರೆಸ್ಕೊಂಡು ಬಂದಿದ್ದೀಯಾ?"

"ಅತ್ತೆ, ನೀವು ಸುಮ್ನಿರಿ."

"ಎಪ್ಪತ್ತೆಂಟು ವರ್ಷ ಸುಮ್ನೇ ಇದ್ದೆ. ಇವತ್ತೊಂದಿನ ಮಾತಾಡ್ತೀನಿ."

ಅಜ್ಜಿ ಒಂದು ದಿನವೂ ಸುಮ್ಮನಿದ್ದವಳಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ಬಂತು. ಟೀಚರ್ ತುಟಿ ಕಚ್ಚಿಕೊಂಡು, ಒಂದು ಅರ್ಜಿಯನ್ನು ಆಲೂಗಡ್ಡೆ ಸಿಪ್ಪೆಯ ಪಕ್ಕ ಇಟ್ಟು ಹೋದರು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಸಂಜೆ ಬಂದವನು ಕೈಗೆ ಹತ್ತಿದ ಗ್ರೀಸನ್ನು ಸೋಪಿನ ಪುಡಿಯಲ್ಲಿ ಉಜ್ಜುತ್ತಾ ಅರ್ಜಿ ಓದಿದ. ಊಟಕ್ಕೆ ಕೂತಾಗ ಮಾತು ಶುರುವಾಯಿತು.

"ಹೋಗ್ಲಿ ಅವಳು," ಎಂದ.

"ನಿಮಗೇನು, ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರಿ. ಅಲ್ಲಿ ಬಿಸಿ ಬಿಸಿ ಮಷೀನು ಇರುತ್ವಂತೆ. ಕೈ ಸುಟ್ಕೊಂಡ್ರೆ?"

"ನೋಡು, ಲಿಫ್ಟು ಮೇಲೆ ಹೋಗ್ಬೇಕು ಅಂದ್ರೆ ಮೊದ್ಲು ಬ್ರೇಕು ಬಿಡ್ಬೇಕು. ಬ್ರೇಕು ಹಿಡ್ಕೊಂಡು ಮೇಲೆ ಹೋಗು ಮೇಲೆ ಹೋಗು ಅಂದ್ರೆ ಮೋಟಾರು ಸುಡುತ್ತೆ."

"ನಿಮ್ಮ ಗಾದೆ ಎಲ್ಲಾ ಲಿಫ್ಟಲ್ಲೇ ಹುಟ್ಟುತ್ವೆ."

"ಅಲ್ಲೇ ಅಲ್ವಾ ನಮ್ಮ ಅನ್ನಾನೂ ಹುಟ್ಟೋದು."

ಅಮ್ಮ ಅರ್ಧ ಒಪ್ಪಿದಳು. ನಾನು ಜೊತೆಗೆ ಹೋಗಿ, ಜೊತೆಗೇ ಕೂತು, ಜೊತೆಗೇ ಕರೆದುಕೊಂಡು ಬರುವುದಾದರೆ ಮಾತ್ರ ಎಂದಳು. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಜ್ಜಿ ಸೊಂಟದ ಮೂಳೆ ಮುರಿದುಕೊಂಡ ವರ್ಷ, ಮನೆಯಲ್ಲಿ ಇಬ್ಬರನ್ನು ಎತ್ತಿ ಇಳಿಸಲು ಅಮ್ಮನೊಬ್ಬಳ ಕೈ ಸಾಲದೆ ಹೋಗಿ, ನಾನು ಉಳಿದುಕೊಂಡೆ. ಹೀಗಾಗಿ ನನ್ನನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ನನಗೂ ಲಾಂಡ್ರಿ ನೋಡುವ ಆಸೆ ಇತ್ತು.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿಯುತ್ತಿದ್ದಂತೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಬಾಗಿಲು ತೆರೆದಾಗ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಅಡುಗೆಮನೆಯಷ್ಟು ದೊಡ್ಡ ಡ್ರಮ್ಮುಗಳು ಸಾಲಾಗಿ ತಿರುಗುತ್ತಿದ್ದವು. ಆಚೆ ಕಡೆ ಇಸ್ತ್ರಿ ಮಷೀನು. ಅದರ ಎರಡು ಉರುಳೆಗಳ ನಡುವಿನಿಂದ ಬಿಳಿ ಬೆಡ್‌ಶೀಟುಗಳು ಒಂದರ ಹಿಂದೆ ಒಂದು, ಒಂದೂ ಸುಕ್ಕಿಲ್ಲದೆ, ಹಬೆಯಾಡುತ್ತಾ ಬರುತ್ತಿದ್ದವು. ದಿನಕ್ಕೆ ಎಂಟುನೂರು, ಎಂದರು ಟೀಚರ್. ಮೇಲೆ ಅಷ್ಟು ಜನ ನರಳಿ, ಬೆವರಿ, ಹೆತ್ತು, ಸತ್ತು ಮಲಗಿದ್ದ ಬಟ್ಟೆಯೆಲ್ಲ ಇಲ್ಲಿಗೆ ಇಳಿದು, ಹೊಸದಾಗಿ ಮೇಲೆ ಹತ್ತಿ ಹೋಗುತ್ತದೆ. ಇಷ್ಟು ವರ್ಷ ಆ ಆಸ್ಪತ್ರೆಯ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೆಳಗೆ ಹೀಗೊಂದು ಲೋಕವಿದೆ ಎಂದು ಯಾರೂ ಹೇಳಿರಲಿಲ್ಲ.

ತಂಗಿ ನನ್ನ ಕೈ ಬಿಟ್ಟಳು. ಇಸ್ತ್ರಿ ಮಷೀನಿನಿಂದ ಬರುತ್ತಿದ್ದ ಒಂದು ಬೆಡ್‌ಶೀಟಿನ ತುದಿಗೆ ಹಿಂಗೈ ತಾಗಿಸಿ, ಬಿಸಿ ನೋಡಿ, "ಹಾ" ಎಂದಳು. ಅಮ್ಮ ಹೆದರಿದ್ದು ಇದಕ್ಕೇ. ಆದರೆ ಅಂಗೈಯಲ್ಲ, ಹಿಂಗೈ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲ್ವಿಚಾರಕಿ ಎತ್ತರದ ಹೆಂಗಸು. ಮಾತು ಕಡಿಮೆ. ಎಲ್ಲರೂ ಮೇಡಂ ಎನ್ನುತ್ತಿದ್ದರು. ತಂಗಿಯ ಮುಂದೆ ಮೇಜಿನ ಮೇಲೆ ಒಂದು ಬೆಡ್‌ಶೀಟು ಹರಡಿ ತೋರಿಸಿದರು. ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಮೂರು. ಐದನೆಯದು ಬಿದ್ದಾಗ ಅಂಚಿನ ಬಣ್ಣದ ಪಟ್ಟಿ ಹೊರಗೆ ಬರಬೇಕು. ನೀಲಿ ಪಟ್ಟಿ ದೊಡ್ಡವರ ಹಾಸಿಗೆಗೆ, ಹಸಿರು ಮಕ್ಕಳ ಹಾಸಿಗೆಗೆ. ವಾರ್ಡಿನವರು ಪಟ್ಟಿ ನೋಡಿಯೇ ಎತ್ತಿಕೊಂಡು ಹೋಗುವುದು.

"ನೋಡಿದ್ಯಾ? ಈಗ ನೀನು."

ಮೊದಲ ದಿನ ಅವಳು ಮೂರು ಬೆಡ್‌ಶೀಟು ಮಡಿಸಿದಳು. ಎರಡನೆಯ ವಾರದ ಹೊತ್ತಿಗೆ ಒಂದು ಬೆಳಿಗ್ಗೆಗೆ ಮೂವತ್ತು. ಆದರೆ ಒಂದು ತೊಂದರೆ ಇತ್ತು. ಮೂವತ್ತರಲ್ಲಿ ಮೂವತ್ತೂ ನಾಲ್ಕನೆಯ ಮಡಿಕೆಗೆ ನಿಲ್ಲುತ್ತಿದ್ದವು. ಅಲ್ಲಿಯವರೆಗೆ ಅಂಚಿಗೆ ಅಂಚು ಸೇರಿ, ಅಳತೆ ಪಟ್ಟಿ ಇಟ್ಟ ಹಾಗೆ. ನಾಲ್ಕು ಮುಗಿದ ಮೇಲೆ ಅವಳು ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದಳು. ಯಾರೂ ತೆಗೆದುಕೊಳ್ಳದಿದ್ದರೆ ಪಕ್ಕಕ್ಕೆ ಇಟ್ಟು ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದಳು. ಹಾಗೆ ಮಡಿಸಿದ್ದು ಕಪಾಟಿನ ಗೂಡಿನಲ್ಲಿ ಹಿಡಿಸುವುದಿಲ್ಲ, ಪಟ್ಟಿಯೂ ಕಾಣುವುದಿಲ್ಲ.

ಪಕ್ಕದ ಮೇಜಿನ ಹೆಂಗಸೊಬ್ಬಳು, "ಇನ್ನೊಂದೇ ಒಂದು ಕಣಮ್ಮಾ," ಎನ್ನುತ್ತಾ ತಾನೇ ಮಡಿಸಿಕೊಟ್ಟಳು. ಟೀಚರ್ ಹತ್ತು ಸಲ ತೋರಿಸಿದರು. ತಂಗಿ ತಲೆಯಾಡಿಸಿ, ಮತ್ತೆ ನಾಲ್ಕಕ್ಕೆ ನಿಲ್ಲಿಸಿ, ಮತ್ತೆ ಕೈ ಚಾಚಿದಳು.

ಮೇಡಂ ಆ ಬೆಡ್‌ಶೀಟುಗಳ ರಾಶಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ನಂತರ ನನ್ನನ್ನು ಕರೆದರು.

"ತಪ್ಪು ಮಾಡೋರು ಒಂದೊಂದು ಸಲ ಒಂದೊಂದು ಥರ ಮಾಡ್ತಾರೆ. ನಿನ್ನ ತಂಗಿ ಪ್ರತಿ ಸಲಾನೂ ಒಂದೇ ಥರ ಮಾಡ್ತಾಳೆ. ಅಂದ್ರೆ ಅದು ತಪ್ಪಲ್ಲ. ಯಾರೋ ಕಲಿಸಿರೋದು. ಯಾರು?"

ನನಗೆ ಗೊತ್ತಿಲ್ಲ ಎಂದೆ. ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದಾಗ ಅಮ್ಮನ ಮುಖದಲ್ಲಿ ದುಃಖವೂ ಇತ್ತು, ಸ್ವಲ್ಪ ಸಮಾಧಾನವೂ ಇತ್ತು. "ನಾನು ಹೇಳಿರ್ಲಿಲ್ವಾ? ಆಗದ ಕೆಲ್ಸಕ್ಕೆ ಮಗೂನ ಯಾಕೆ ಅಲೆದಾಡಿಸ್ತೀರಿ," ಎಂದಳು. ಹಾಗೆನ್ನುತ್ತಲೇ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಸುರಿದಳು. ದಿನವೂ ಆ ಹೊತ್ತಿಗೆ ಅಮ್ಮ, ತಂಗಿ ಇಬ್ಬರೂ ಸೇರಿ ಬಟ್ಟೆ ಮಡಿಸುತ್ತಿದ್ದರು. ನಾನು ಎಷ್ಟೋ ವರ್ಷದಿಂದ ನೋಡಿದ ಹಾಗೆ ನೋಡುತ್ತಾ ಕೂತೆ. ತಂಗಿ ಒಂದು ಟವೆಲು ತೆಗೆದುಕೊಂಡು ಒಂದು ಮಡಿಕೆ ಹಾಕಿದಳು, ಇನ್ನೊಂದು ಹಾಕಿದಳು, ಮುಂದಕ್ಕೆ ಚಾಚಿದಳು. ಅಮ್ಮ ಮಾತಾಡುತ್ತಲೇ ಅದನ್ನು ತೆಗೆದುಕೊಂಡು ಕೊನೆಯ ಮಡಿಕೆ ಹಾಕಿ ರಾಶಿಗಿಟ್ಟಳು. ತಂಗಿ ಅಪ್ಪನ ಅಂಗಿ ತೆಗೆದುಕೊಂಡಳು. ತೋಳು ಒಳಗೆ, ಇನ್ನೊಂದು ತೋಳು ಒಳಗೆ, ಚಾಚಿದಳು. ಅಮ್ಮ ಅದನ್ನೂ ತೆಗೆದುಕೊಂಡಳು.

ಯಾರು ಎಂದು ಮೇಡಂ ಕೇಳಿದ್ದಕ್ಕೆ ಉತ್ತರ ನನ್ನ ಮುಂದೆಯೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಮೂರು ದಿನ ಸುಮ್ಮನೆ ನೋಡಿದೆ. ಅವಳ ಅಂಗಿಗೆ ಆರು ಗುಂಡಿ. ಐದು ಅವಳು ಹಾಕುತ್ತಿದ್ದಳು, ಆರನೆಯದು ಅಮ್ಮ. ತಟ್ಟೆಯ ಕೊನೆಯ ತುತ್ತು ಅಮ್ಮ ಒಟ್ಟುಮಾಡಿ ಬಾಯಿಗಿಡುತ್ತಿದ್ದಳು. ಜಡೆಯ ಕೊನೆಯ ರಬ್ಬರು ಅಮ್ಮ. ಮಾತಿನಲ್ಲೂ ಅಷ್ಟೇ. ತಂಗಿ "ನಂಗೆ..." ಎಂದು ಶುರುಮಾಡಿದರೆ, "ನೀರು ಬೇಕಾ, ತಗೋ," ಎಂದು ಅಮ್ಮನೇ ಮುಗಿಸುತ್ತಿದ್ದಳು. ಅಮ್ಮನೊಬ್ಬಳೇ ಆಗಿದ್ದರೆ ಹೇಳುವುದು ಸುಲಭವಿತ್ತು. ಶೂ ಲೇಸಿನ ಕೊನೆಯ ಗಂಟು ಅಪ್ಪ ಎಳೆಯುತ್ತಿದ್ದ. ರಗ್ಗಿನ ತುದಿ ಸರಿಮಾಡುವುದು ಅಜ್ಜಿ. ಮನೆಯಿಂದ ಹೊರಡುವಾಗ ಅವಳ ಚೀಲದ ಜಿಪ್ಪನ್ನು ಪೂರ್ತಿ ಎಳೆಯುವುದು ನಾನು. ಹದಿನೇಳು ವರ್ಷದಲ್ಲಿ ಅವಳ ಕೈಯಲ್ಲಿ ಒಂದೇ ಒಂದು ಕೆಲಸವೂ ಮುಗಿದಿರಲಿಲ್ಲ. ಎಲ್ಲ ಕೆಲಸದ ಕೊನೆಗೂ ಬೇರೆಯವರ ಕೈ ಬರುತ್ತದೆ, ಅದಕ್ಕೆ ಕಾಯಬೇಕು ಎಂದು ಅವಳು ಅಚ್ಚುಕಟ್ಟಾಗಿ ಕಲಿತಿದ್ದಳು.

ನಾಲ್ಕನೆಯ ದಿನ ಊಟದ ಹೊತ್ತಿಗೆ ಹೇಳಿದೆ. ತಲೆ ತಗ್ಗಿಸಿಕೊಂಡು, ತಟ್ಟೆಗೇ ಹೇಳಿದ ಹಾಗೆ ಹೇಳಿದೆ.

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅಂದ್ರೆ ನಾನೇ ಕೆಡಿಸಿದೆ ಅಂತೀಯಾ?" ಎಂದಳು ಅಮ್ಮ.

"ನಾನೂ, ಅಮ್ಮ. ನಾವೆಲ್ಲಾ."

"ಕೊನೇದೇ ಕಷ್ಟ ಅಲ್ವೇನೇ?" ಅಮ್ಮನ ಧ್ವನಿ ಸಣ್ಣಗಾಯಿತು. "ಕೊನೇ ಗುಂಡಿ ಕತ್ತಿನ ಹತ್ರ, ಅವಳಿಗೆ ಕಾಣಲ್ಲ. ಕೊನೇ ತುತ್ತು ತಟ್ಟೇಲಿ ಜಾರುತ್ತೆ. ಪಾಪ ಅಂತ ಮಾಡಿದೆ. ಪಾಪ ಅಂದಿದ್ದೇ ತಪ್ಪಾಯ್ತಾ?"

"ತಪ್ಪು ಅಂತ ಯಾರಂದ್ರು," ಎಂದ ಅಪ್ಪ.

"ನೀವು ಅನ್ನಲ್ಲ. ಲಿಫ್ಟಿನ ಗಾದೆ ಹೇಳ್ತೀರಿ."

ಅಜ್ಜಿ ತನ್ನ ಲೋಟ ಕೆಳಗಿಟ್ಟಳು. "ಇವನನ್ನ ನಾನೂ ಹೀಗೇ ಸಾಕಿದ್ದು," ಎಂದು ಅಪ್ಪನ ಕಡೆ ಗಲ್ಲ ತೋರಿಸಿದಳು. "ಇವತ್ತಿಗೂ ತಿಂದ ತಟ್ಟೆ ಎತ್ತಿದ್ದು ನೋಡಿದ್ದೀರಾ?"

ಅಪ್ಪ ಎದ್ದು ತನ್ನ ತಟ್ಟೆ ತೊಳೆದಿಟ್ಟ. ತಂಗಿ ಚಪ್ಪಾಳೆ ತಟ್ಟಿದಳು. ಅಮ್ಮ ನಗಲಿಲ್ಲ.

ಮಾರನೆಯ ದಿನ ವಿಷಯ ತಿಳಿದ ಟೀಚರ್ ಮನೆಗೆ ಬಂದು ಒಂದೇ ಮಾತು ಹೇಳಿದರು. "ಅವಳಿಗೆ ಇನ್ನು ಏನೂ ಕಲಿಸೋದು ಬೇಡ. ನೀವು ನಾಲ್ಕೂ ಜನ ಕೈ ಕಟ್ಕೊಂಡು ಕೂತ್ಕೊಳ್ಳಿ."

ಅಷ್ಟು ಕಷ್ಟದ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಅಲ್ಲಿಯವರೆಗೆ ಮಾಡಿರಲಿಲ್ಲ. ಮೊದಲ ಬೆಳಿಗ್ಗೆ ತಂಗಿ ಐದು ಗುಂಡಿ ಹಾಕಿ, ಗಲ್ಲ ಮೇಲೆತ್ತಿ ಅಮ್ಮನ ಮುಂದೆ ನಿಂತಳು. ಅಮ್ಮ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಂದು ನಿಮಿಷವಾಯಿತು, ಎರಡಾಯಿತು. ಹಾಲು ಉಕ್ಕಿತು. ಯಾರೂ ಒಲೆಯ ಕಡೆ ಹೋಗಲಿಲ್ಲ.

"ಒಂದು ಗುಂಡಿಗೆ ಮೂರು ಜನ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೀರಲ್ಲ," ಎಂದಳು ಅಜ್ಜಿ. "ನನ್ನ ಹೆರಿಗೇಲೂ ಯಾರೂ ಇಷ್ಟು ಕಾದಿರ್ಲಿಲ್ಲ."

ತಂಗಿ ಗುಂಡಿ ಹಾಕದೆಯೇ ಬಸ್ಸು ಹತ್ತಿದಳು. ಅದಕ್ಕೂ ಮೊದಲಿನ ಬಸ್ಸು ತಪ್ಪಿಹೋಗಿತ್ತು. ಸಂಜೆ ಟವೆಲು ಚಾಚಿದಾಗ ಅಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ತಂಗಿ ಕಾದಳು. ಕೈ ನೋಯುವವರೆಗೆ ಕಾದು, ಟವೆಲನ್ನು ನೆಲಕ್ಕೆ ಬಿಸಾಡಿ ಅತ್ತಳು.

"ಅಮ್ಮ ಕೋಪ," ಎಂದಳು. "ಅಮ್ಮಂಗೆ ನಾನು ಬೇಡ."

ಅಮ್ಮ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಪ್ಪ ಹಿಂದೆಯೇ ಹೋದ. ಬಾಗಿಲ ಆಚೆಯಿಂದ ಅವಳ ಮಾತು ಕೇಳಿಸುತ್ತಿತ್ತು. "ನನ್ನ ಕೈಲಾಗಲ್ಲ ರೀ. ಅವಳು ಕೈ ಚಾಚಿದ್ರೆ ನನ್ನ ಕೈ ತಾನಾಗೇ ಹೋಗುತ್ತೆ. ನೀವು ಬೇಕಾದ್ರೆ ನನ್ನ ಕೈ ಕಟ್ಟಿಹಾಕಿ." ಅಪ್ಪ ಏನೆಂದನೋ ಕೇಳಿಸಲಿಲ್ಲ. ಲಿಫ್ಟಿನ ಮಾತಂತೂ ಅಲ್ಲ. ಒಳಗೆ ಬಂದಾಗ ಅಮ್ಮ ಮುಖ ತೊಳೆದುಕೊಂಡು, ತಂಗಿಯ ಎದುರು ನೆಲದ ಮೇಲೆ ಕೂತು, "ಕೋಪ ಇಲ್ಲ ಗುಂಡಮ್ಮ. ನಾನು ಇಲ್ಲೇ ಕೂತಿರ್ತೀನಿ. ನೀನು ಮಾಡೋದು ನೋಡ್ತೀನಿ," ಎಂದಳು.

ಹಾಗೆ ಒಂಬತ್ತು ದಿನ ಕೂತಳು. ಅಷ್ಟೂ ದಿನ ಅಡುಗೆ ತಡ, ಅಪ್ಪ ಕೆಲಸಕ್ಕೆ ತಡ, ಅಜ್ಜಿಯ ಗುಳಿಗೆ ತಡ. ಲಾಂಡ್ರಿಯಲ್ಲಿ ಐದನೆಯ ವಾರ ನಡೆಯುತ್ತಿತ್ತು, ಬೆಡ್‌ಶೀಟು ಇನ್ನೂ ನಾಲ್ಕಕ್ಕೇ ನಿಲ್ಲುತ್ತಿತ್ತು. ಈ ವಾರವೂ ಹೀಗೇ ಆದರೆ ಜಾಗ ಬೇರೆಯವರಿಗೆ ಎಂದು ಮೇಡಂ ಟೀಚರಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದನ್ನು ಮನೆಯಲ್ಲಿ ಹೇಳಲಿಲ್ಲ.

ಹತ್ತನೆಯ ಸಂಜೆ ತಂಗಿ ಒಂದು ಟವೆಲಿಗೆ ಎರಡು ಮಡಿಕೆ ಹಾಕಿ ಚಾಚಿದಳು. ಅಮ್ಮ ಕೂತಿದ್ದಳು. ತಂಗಿ ಅಮ್ಮನ ಮುಖ ನೋಡಿದಳು, ಟವೆಲು ನೋಡಿದಳು. ಕೈ ಹಿಂದಕ್ಕೆ ತಂದಳು. ಟವೆಲಿನ ಒಂದು ಅಂಚನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಗಿಡ್ಡ ಬೆರಳುಗಳಿಂದ ಕೆಳಗಿನ ಅಂಚನ್ನು ಮೇಲಕ್ಕೆ ತಂದು ಸೇರಿಸಿದಳು. ನಾವ್ಯಾರೂ ಹಾಗೆ ಮಡಿಸುವುದಿಲ್ಲ. ಅದು ಅವಳದೇ ಉಪಾಯ. ನಂತರ ಟವೆಲನ್ನು ರಾಶಿಯ ಮೇಲಿಟ್ಟು, ಮೇಲೆ ಕೈಯಿಂದ ಒತ್ತಿದಳು.

ಹುಟ್ಟಿದ ಮಗುವನ್ನು ಮೊದಲ ಸಲ ನೋಡುವವರ ಹಾಗೆ ನಾವು ಆ ಟವೆಲನ್ನು ನೋಡುತ್ತಾ ಕೂತೆವು. ಅಪ್ಪ ಅದರ ಹತ್ತಿರ ಹೋಗಿ ಬಗ್ಗಿ ನೋಡಿದ. ಮುಟ್ಟಲಿಲ್ಲ.

ಅಲ್ಲಿಂದ ಅವಳನ್ನು ಹಿಡಿಯುವವರೇ ಇಲ್ಲವಾಯಿತು. ಮಂಚದ ಮೇಲಿದ್ದ ಬಟ್ಟೆ ಮುಗಿಸಿ, ಬೀರು ತೆರೆದು ಒಳಗಿದ್ದದ್ದನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದಳು. ಅಜ್ಜಿ ಹೊದ್ದಿದ್ದ ಶಾಲನ್ನೂ ಎಳೆದುಕೊಂಡಳು.

"ಬಿಡೇ, ಚಳಿ."

"ಮುಗಿಸ್ಬೇಕು ಅಜ್ಜಿ," ಎಂದಳು ತಂಗಿ.

"ನನ್ನನ್ನೂ ಮಡಿಸಿ ಇಟ್ಬಿಡು, ಜಾಗ ಉಳಿಯುತ್ತೆ."

ಲಾಂಡ್ರಿಯಲ್ಲೂ ಐದನೆಯ ಮಡಿಕೆ ಬಿದ್ದಿತು, ಅವಕಾಶ ಉಳಿಯಿತು. ಆರನೆಯ ವಾರದ ಶುಕ್ರವಾರ ಪರೀಕ್ಷೆ. ಅಮ್ಮ ಮೊದಲ ಸಲ ನಮ್ಮ ಜೊತೆ ಲಾಂಡ್ರಿಗೆ ಬಂದಳು. ಬಾಗಿಲಲ್ಲಿ ಅವಳೂ ನನ್ನ ಹಾಗೆಯೇ ನಿಂತುಬಿಟ್ಟಳು. ತಿರುಗುವ ಡ್ರಮ್ಮು, ಹಬೆ, ಸಾಲುಸಾಲು ಬಿಳಿ. "ಇಲ್ಲಿಗಾ ಇವಳು ಬರ್ತಿದ್ದಿದ್ದು," ಎಂದು ನನ್ನ ತೋಳು ಹಿಡಿದುಕೊಂಡಳು. ಅಲ್ಲಿನ ಹೆಂಗಸರು ದೂರದಿಂದಲೇ ತಂಗಿಗೆ ಕೈಬೀಸಿದರು. ತಂಗಿ ದೊಡ್ಡವರಂತೆ ತಲೆಯಾಡಿಸಿ, ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡು ತನ್ನ ಮೇಜಿಗೆ ಹೋದಳು. ಅಮ್ಮ, ನಾನು, ಟೀಚರ್ ಗೋಡೆಯ ಪಕ್ಕ ನಿಂತೆವು. ಮೇಡಂ ಮೇಜಿನ ಆಚೆ ನಿಂತರು.

ತಂಗಿ ಒಂದು ಮಡಿಸುವಷ್ಟರಲ್ಲಿ ಬೇರೆಯವರು ನಾಲ್ಕು ಮುಗಿಸುತ್ತಾರೆ. ಅವಳು ಅವಸರ ಮಾಡಲಿಲ್ಲ. ಐದನೆಯ ಮಡಿಕೆಗೆ ಗಲ್ಲದಿಂದ ಒತ್ತಿ ಹಿಡಿಯುವುದು, ನೀಲಿ ಪಟ್ಟಿ ಹೊರಗೆ ಬಂದಿದೆಯೇ ಎಂದು ಬೆರಳಿನಿಂದ ಎಳೆದು ನೋಡುವುದು, ಕಪಾಟಿಗೆ ಇಟ್ಟು ಒತ್ತುವುದು. ಒಂದು, ಎರಡು, ಏಳು, ಹನ್ನೊಂದು. ಅಮ್ಮನ ತುಟಿ ಅಲ್ಲಾಡುತ್ತಾ ಎಣಿಸುತ್ತಿತ್ತು.

ಹದಿನಾಲ್ಕನೆಯದರಲ್ಲಿ ನಾಲ್ಕು ಮಡಿಕೆ ಹಾಕಿ ತಂಗಿ ನಿಂತಳು. ಬೆಡ್‌ಶೀಟು ಕೈಯಲ್ಲೇ ಇತ್ತು. ಮುಂದೆ ಹೋಗಲಿಲ್ಲ.

ಅಮ್ಮನ ಉಗುರು ನನ್ನ ತೋಳಿನೊಳಗೆ ಇಳಿಯಿತು. ಪಕ್ಕದ ಮೇಜಿನ ಹೆಂಗಸು ಕೈ ಮುಂದೆ ತಂದು, ಮೇಡಂ ನೋಡಿದ್ದಕ್ಕೆ ಹಿಂದೆ ತೆಗೆದುಕೊಂಡಳು.

"ಮಡಿಸು," ಎಂದರು ಮೇಡಂ.

"ಇಲ್ಲ."

"ಯಾಕೆ?"

ತಂಗಿ ಬೆಡ್‌ಶೀಟಿನ ಒಂದು ಮೂಲೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಒದ್ದೆ."

ಮೇಡಂ ಕೈಯಿಂದ ಸವರಿದರು. "ಒಣಗಿದೆಯಲ್ಲ."

"ಒದ್ದೆ," ಎಂದು ತಂಗಿ ಅದೇ ಮೂಲೆಯನ್ನು ಅವರ ಮುಖದ ಹತ್ತಿರ ಹಿಡಿದಳು. ಅಷ್ಟು ಎತ್ತರದ ಹೆಂಗಸು ಬಗ್ಗಿ, ಕೆನ್ನೆ ಕೊಟ್ಟರು. ಹಾಗೆಯೇ ಸ್ವಲ್ಪ ಹೊತ್ತು ಇದ್ದರು. ನಂತರ ಅಂಚಿನ ಹೊಲಿಗೆ ಬಿಡಿಸಿ ನೋಡಿದರು. ದಪ್ಪ ಹೊಲಿಗೆಯ ಒಳಗೆ ಒಂದು ಬೆರಳಿನಗಲ ತೇವ ಉಳಿದಿತ್ತು.

"ಇದು ಕಪಾಟಿಗೆ ಹೋಗಿದ್ರೆ ಮೇಲಿನದಕ್ಕೂ ಕೆಳಗಿನದಕ್ಕೂ ಬೂಷ್ಟು ಹಿಡೀತಿತ್ತು," ಎಂದು ನಮಗಲ್ಲ, ತಮಗೇ ಹೇಳಿಕೊಂಡ ಹಾಗೆ ಹೇಳಿದರು. "ನನ್ನ ಕೈಗೆ ಗೊತ್ತಾಗ್ಲಿಲ್ಲ. ಇಪ್ಪತ್ತೆರಡು ವರ್ಷದ ಕೈ."

ತಂಗಿ ಆ ಬೆಡ್‌ಶೀಟನ್ನು ಒದ್ದೆ ಬಟ್ಟೆಯ ಬುಟ್ಟಿಗೆ ಹಾಕಿ ಇನ್ನೊಂದು ತೆಗೆದುಕೊಂಡಳು. ಇಪ್ಪತ್ತನೆಯದು ಕಪಾಟಿಗೆ ಹೋದಾಗ ಗೂಡು ಭರ್ತಿಯಾಗಿ, ಇಪ್ಪತ್ತು ನೀಲಿ ಪಟ್ಟಿಗಳು ಒಂದರ ಮೇಲೊಂದು ಗೆರೆ ಎಳೆದಂತೆ ನಿಂತಿದ್ದವು. ಅಮ್ಮ ಗೋಡೆಗೆ ಒರಗಿಕೊಂಡಳು.

ಮೇಡಂ ಒಂದು ಕಾಗದ ತಂದು ಮೇಜಿನ ಮೇಲಿಟ್ಟು ಬರೆದರು. ಬರೆದಾದ ಮೇಲೆ ತಂಗಿಯನ್ನೇ ನೋಡಿ ಕೇಳಿದರು.

"ಸೋಮವಾರದಿಂದ ಕೆಲಸಕ್ಕೆ ಬರ್ತೀಯಾ?"

ತಂಗಿ ಮಾತಾಡಲಿಲ್ಲ.

ಮಷೀನಿನ ಸದ್ದೊಂದೇ. ಟೀಚರ್ ನಗುನಗುತ್ತಾ ಕಾಯುತ್ತಿದ್ದರು, ನಗು ನಿಧಾನವಾಗಿ ಇಳಿಯಿತು. ಅಮ್ಮ ಬಾಯಿ ತೆರೆದಳು. ಬರ್ತಾಳೆ ಮೇಡಂ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅದನ್ನು ಉಗುಳಿನ ಜೊತೆ ನುಂಗಿ ಬಾಯಿ ಮುಚ್ಚಿದಳು. ಒಂದು ಬೆಡ್‌ಶೀಟು ಉರುಳೆಯಿಂದ ಹೊರಗೆ ಬಂತು. ಇನ್ನೊಂದು ಬಂತು. ತಂಗಿ ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಸೋಮವಾರ ಆಗಲ್ಲ," ಎಂದಳು.

ಮೇಡಂ ಹುಬ್ಬು ಎತ್ತಿದರು.

"ಸೋಮವಾರ ಸ್ಕೂಲಲ್ಲಿ ಫೋಟೋ. ಎಲ್ರದ್ದೂ ಕೊನೇ ಫೋಟೋ. ನಾನು ಮುಂದಿನ ಸಾಲು." ಉಸಿರು ತೆಗೆದುಕೊಂಡು ಮುಗಿಸಿದಳು. "ಮಂಗಳವಾರ ಬರ್ತೀನಿ."

ಟೀಚರ್ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೇ ಮರೆತಿದ್ದೆ," ಎಂದರು. ಅಮ್ಮನಿಗಂತೂ ಅದು ಗೊತ್ತೇ ಇರಲಿಲ್ಲ, ನನಗೂ ಇರಲಿಲ್ಲ. ನಮ್ಮಲ್ಲಿ ಯಾರು ಉತ್ತರ ಹೇಳಿದ್ದರೂ ತಪ್ಪು ಹೇಳುತ್ತಿದ್ದೆವು.

"ಆಯ್ತಮ್ಮ, ಮಂಗಳವಾರ," ಎಂದರು ಮೇಡಂ. ಕಾಗದದಲ್ಲಿ ಸೋಮವಾರ ಎಂದಿದ್ದನ್ನು ಹೊಡೆದು ಪಕ್ಕದಲ್ಲಿ ಬರೆದರು. ತಂಗಿ ಬಗ್ಗಿ ನೋಡಿದಳು, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿದಳು, ಟೋಪಿ ಕಿವಿಯ ಮೇಲಕ್ಕೆ ಎಳೆದುಕೊಂಡು, ತುಂಬಿ ಬಂದು ನಿಂತಿದ್ದ ಮುಂದಿನ ಟ್ರಾಲಿಯನ್ನು ತನ್ನ ಮೇಜಿನ ಕಡೆಗೆ ಎಳೆದಳು.